ಮೆಲ್ಬರ್ನ್‌ನ 3, ಸಿಡ್ನಿಯ 110: ನಡುವಿನ ಹನ್ನೊಂದು ದಿನ

2014ರ ಡಿಸೆಂಬರ್ 28. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ಮೇಲೆ ಬಾಕ್ಸಿಂಗ್ ಡೇ ಟೆಸ್ಟ್‌ನ ಮೂರನೇ ದಿನ. ಅಜಿಂಕ್ಯ ರಹಾನೆ 147 ರನ್ ಹೊಡೆದು ಔಟಾದರು. ಅವರ ಜಾಗಕ್ಕೆ ಇಳಿದದ್ದು ನಮ್ಮ ಕೆ.ಎಲ್. ರಾಹುಲ್. ವಯಸ್ಸು 22, ಮೊದಲ ಟೆಸ್ಟ್. ಭಾರತದ ಸ್ಕೋರು 4 ವಿಕೆಟ್‌ಗೆ 409. ಇನ್ನೊಂದು ತುದಿಯಲ್ಲಿ ವಿರಾಟ್ ಕೊಹ್ಲಿ ಗಟ್ಟಿಯಾಗಿ ನಿಂತಿದ್ದರು. ಹೊಸ ಹುಡುಗ ಸುಮ್ನೆ ನಿಂತು ಕೊಹ್ಲಿಗೆ ಸ್ಟ್ರೈಕ್ ಕೊಟ್ಟಿದ್ದರೂ ಸಾಕಿತ್ತು. ಆದರೆ ಎಂಟನೇ ಎಸೆತಕ್ಕೆ ರಾಹುಲ್ ಆಫ್ ಸ್ಪಿನ್ನರ್ ನೇಥನ್ ಲಯನ್‌ಗೆ ಸ್ವೀಪ್ (ಬ್ಯಾಟನ್ನು ಅಡ್ಡಲಾಗಿ ಬೀಸುವ ಹೊಡೆತ) ಹೊಡೆಯಲು ಹೋದರು. ಚೆಂಡು ಬ್ಯಾಟಿನ ಮೇಲಂಚಿಗೆ ತಗುಲಿ ಗಾಳಿಗೆ ಎದ್ದಿತು. ಹೇಜಲ್‌ವುಡ್ ಕ್ಯಾಚ್ ಹಿಡಿದರು. 3 ರನ್.

ನಾನು ಶಿವಮೊಗ್ಗದಲ್ಲಿ ಹದಿನಾಲ್ಕರಿಂದ ಹದಿನಾರು ವಯಸ್ಸಿನ ಹುಡುಗರಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ಆ ಎಂಟು ಎಸೆತಗಳ ಬಗ್ಗೆ ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಯಾಕೆಂದರೆ ನನ್ನ ಹುಡುಗರೂ ಹೀಗೇ ಔಟಾಗುತ್ತಾರೆ. ಇಲ್ಲಿ ಚೆನ್ನಾಗಿ ಆಡುವವರು, ಒಂದು ಮೆಟ್ಟಿಲು ಮೇಲಿನ ಪಂದ್ಯಕ್ಕೆ ಹೋದಾಗ, ಜೀವನದಲ್ಲಿ ಎಂದೂ ಹೊಡೆಯದ ಹೊಡೆತ ಹೊಡೆದು ವಾಪಸ್ ಬರುತ್ತಾರೆ. ರಾಹುಲ್ ಮಾತ್ರ ಹನ್ನೊಂದು ದಿನದಲ್ಲಿ ಅದೇ ದೇಶದಲ್ಲಿ, ಅದೇ ಎದುರಾಳಿಯ ಮೇಲೆ ಶತಕ ಹೊಡೆದರು. ಆ ಹನ್ನೊಂದು ದಿನದಲ್ಲಿ ಏನು ಬದಲಾಯಿತು ಅನ್ನುವುದೇ ಈ ಬರಹದ ವಿಷಯ. ಅವರ ಮನಸ್ಸಿನೊಳಗೆ ಕೈ ಹಾಕುವ ಕೆಲಸ ನನ್ನದಲ್ಲ. ನಾನು ಓದುವುದು ಆಟವನ್ನು.

ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳೋಣ. ರಾಹುಲ್ ಹತ್ತಿರ ಆಟ ಇತ್ತು. ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್‌ನಲ್ಲಿ ಬೆಳೆದು, ಮಂಗಳೂರಿನಲ್ಲಿ ಕೋಚ್ ಸ್ಯಾಮುಯೆಲ್ ಜಯರಾಜ್ ಅವರ ಹತ್ತಿರ ಕಲಿತು, ಆಮೇಲೆ ಬೆಂಗಳೂರಿಗೆ ಬಂದ ಹುಡುಗ. 2013–14ರ ರಣಜಿ ಋತುವಿನಲ್ಲಿ 1,033 ರನ್. ಆ ವರ್ಷ ಕರ್ನಾಟಕ ಕಪ್ ಗೆದ್ದಿತು. ಹೈದರಾಬಾದ್‌ನಲ್ಲಿ ಮಹಾರಾಷ್ಟ್ರದ ಮೇಲೆ ನಡೆದ ಫೈನಲ್‌ನಲ್ಲಿ ರಾಹುಲ್ 131 ಹೊಡೆದಿದ್ದರು. ಆಸ್ಟ್ರೇಲಿಯಾಕ್ಕೆ ಹೋಗುವ ಮುಂಚೆ ದುಲೀಪ್ ಟ್ರೋಫಿ ಫೈನಲ್‌ನಲ್ಲಿ ದಕ್ಷಿಣ ವಲಯದ ಪರ 185 ಮತ್ತು 130. ಎರಡೂ ಫೈನಲ್. ಒತ್ತಡ ಅಂದರೆ ಏನು ಅಂತ ಗೊತ್ತಿಲ್ಲದ ಹುಡುಗ ಅಲ್ಲ. ಆದ್ದರಿಂದ ‘ದೊಡ್ಡ ಮ್ಯಾಚ್‌ಗೆ ಎದೆಗಾರಿಕೆ ಸಾಲಲಿಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ಹೇಳುವುದು ಸುಲಭ. ಅದರಿಂದ ಯಾವ ಹುಡುಗನಿಗೂ ಪ್ರಯೋಜನ ಆಗಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ಮೆಲ್ಬರ್ನ್‌ನಲ್ಲಿ ಏನು ಬೇರೆ ಇತ್ತು?

ರಾಹುಲ್ ಓಪನರ್, ಅಂದರೆ ಇನ್ನಿಂಗ್ಸ್ ಶುರು ಮಾಡುವವರು. ಆ ಪಂದ್ಯದಲ್ಲಿ ರೋಹಿತ್ ಶರ್ಮ ಜಾಗಕ್ಕೆ ಅವರನ್ನು ತೆಗೆದುಕೊಂಡು ಆರನೇ ನಂಬರಿನಲ್ಲಿ ಆಡಿಸಿದರು. ಸ್ಕೋರ್‌ಕಾರ್ಡ್ ನೋಡಿದರೆ ಇದು ಸಣ್ಣ ವಿಷಯ. ಆಡುವವನಿಗೆ ಸಣ್ಣದಲ್ಲ. ಓಪನರ್‌ನ ದಿನಚರಿ ನೆನಪಿಸಿಕೊಳ್ಳಿ. ಎದುರಾಳಿ ತಂಡ ಆಲೌಟಾದರೆ, ಎರಡು ಇನ್ನಿಂಗ್ಸ್ ನಡುವೆ ಇರುವುದು ಹತ್ತು ನಿಮಿಷ. ಡ್ರೆಸ್ಸಿಂಗ್ ರೂಮಿಗೆ ಓಡಿ ಬಂದು, ಬೆವರು ಒರೆಸಿ, ಪ್ಯಾಡ್ ಕಟ್ಟಿ, ಎರಡು ಗುಟುಕು ನೀರು ಕುಡಿಯುವಷ್ಟರಲ್ಲಿ ಅಂಪೈರ್‌ಗಳು ಮೈದಾನಕ್ಕೆ ಇಳಿದಿರುತ್ತಾರೆ. ಹೆದರಲು ಪುರುಸೊತ್ತೇ ಇರುವುದಿಲ್ಲ. ಹೊಸ ಚೆಂಡು, ವೇಗದ ಬೌಲರ್‌ಗಳು, ಹಿಂದೆ ಸ್ಲಿಪ್‌ಗಳು. ಅದು ಅವನಿಗೆ ಮನೆ ಇದ್ದ ಹಾಗೆ.

ಆರನೇ ನಂಬರಿನವನದು ಬೇರೆಯೇ ಕಥೆ. ಅವತ್ತು ಮುರಳಿ ವಿಜಯ್ ಔಟಾದಾಗ ಸ್ಕೋರು 147. ಆಮೇಲೆ ಕೊಹ್ಲಿ ಮತ್ತು ರಹಾನೆ ಸೇರಿ 262 ರನ್ ಜೊತೆಯಾಟ ಆಡಿದರು. ಅಷ್ಟೂ ಹೊತ್ತು ಮುಂದಿನ ಸರದಿ ರಾಹುಲ್‌ದು. ಗಂಟೆಗಟ್ಟಲೆ. ಒಂದು ಲಕ್ಷ ಜನ ಹಿಡಿಸುವ ಮೈದಾನ. ಮೊದಲ ಟೆಸ್ಟ್. ಪ್ಯಾಡ್ ಕಟ್ಟಿ ಕೂತು ಕಾಯಬೇಕು. ಪ್ರತಿ ಎಸೆತಕ್ಕೂ ‘ಈಗ ನನ್ನ ಸರದಿ ಬರಬಹುದು’ ಅಂತ ಮೈ ಸಿದ್ಧವಾಗುತ್ತದೆ, ವಿಕೆಟ್ ಬೀಳುವುದಿಲ್ಲ, ಮೈ ಸಡಿಲವಾಗುತ್ತದೆ. ಮತ್ತೆ ಮುಂದಿನ ಎಸೆತ. ಕಾಯುವುದನ್ನು ರೂಢಿ ಮಾಡಿಕೊಂಡ ಮಧ್ಯಮ ಕ್ರಮಾಂಕದವರು ನಿದ್ದೆ ಹೊಡೆಯುತ್ತಾರೆ, ಇಸ್ಪೀಟು ಆಡುತ್ತಾರೆ, ಪೇಪರ್ ಓದುತ್ತಾರೆ. ಓಪನರ್‌ಗೆ ಆ ವಿದ್ಯೆ ಬರುವುದಿಲ್ಲ. ಅವನಿಗೆ ಯಾರೂ ಕಲಿಸಿರುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕ್ರೀಸ್‌ಗೆ ಬಂದರೆ ಎದುರಿಗೆ ಹಳೆಯ ಚೆಂಡು, ಸುತ್ತ ಫೀಲ್ಡರ್‌ಗಳು, ತಿರುಗುವ ಆಫ್ ಸ್ಪಿನ್. ಓಪನರ್ ಸ್ಪಿನ್ನರ್‌ನನ್ನು ಎದುರಿಸುವ ಹೊತ್ತಿಗೆ ಸಾಮಾನ್ಯವಾಗಿ 30 ರನ್ ಹೊಡೆದು ಕಣ್ಣು ಕೂಡಿಸಿಕೊಂಡಿರುತ್ತಾನೆ. ಇಲ್ಲಿ ಸೊನ್ನೆಯಿಂದ ಶುರು.

ಎರಡನೇ ಇನ್ನಿಂಗ್ಸ್‌ನಲ್ಲಿ 384 ರನ್ ಗುರಿ. ಈ ಸಲ ರಾಹುಲ್ ಅವರನ್ನು ಮೂರನೇ ನಂಬರಿಗೆ ಕಳಿಸಿದರು. ಒಂದೇ ಪಂದ್ಯದಲ್ಲಿ ಎರಡು ಜಾಗ, ಎರಡೂ ಅವರದಲ್ಲ. ಮಿಚೆಲ್ ಜಾನ್ಸನ್ ಬೌಲಿಂಗ್‌ನಲ್ಲಿ ವಾಟ್ಸನ್‌ಗೆ ಕ್ಯಾಚ್ ಕೊಟ್ಟರು. 1 ರನ್. ಪಂದ್ಯ ಡ್ರಾ ಆಯಿತು. ಅದೇ ದಿನ ಧೋನಿ ಟೆಸ್ಟ್‌ಗೆ ವಿದಾಯ ಹೇಳಿದ್ದರಿಂದ ದೇಶವೆಲ್ಲ ಆ ಸುದ್ದಿಯಲ್ಲಿತ್ತು. ಹೊಸ ಹುಡುಗನ 3 ಮತ್ತು 1 ಬಗ್ಗೆ ಮಾತಾಡಿದವರು ಕಡಿಮೆ. ಅದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ.

ಈಗ ಆ ಸ್ವೀಪ್‌ಗೆ ವಾಪಸ್ ಬರೋಣ. ನಾನು ಹೇಳಬೇಕಾದ ಮುಖ್ಯ ಮಾತು ಅಲ್ಲೇ ಇದೆ. ಹೆದರಿಕೆ ಅಂದರೆ ಕೈಕಾಲು ನಡುಗುವುದು, ಬ್ಯಾಟ್ ಮೇಲೆತ್ತಲು ಆಗದೆ ಕಲ್ಲಿನ ಹಾಗೆ ನಿಲ್ಲುವುದು ಅಂತ ನಾವು ಅಂದುಕೊಂಡಿದ್ದೇವೆ. ಅದೂ ಇದೆ. ಆದರೆ ಜಾಸ್ತಿ ಸಲ ಹೆದರಿಕೆ ಬರುವುದು ದೊಡ್ಡ ಹೊಡೆತದ ವೇಷದಲ್ಲಿ. ಒಳಗೆ ತಡೆಯಲಾಗದ ಬಿಗಿತ ಇರುತ್ತದೆ. ಅದರಿಂದ ಬೇಗ ಬಿಡುಗಡೆ ಬೇಕು ಅಂತ ಮೈ ಕೇಳುತ್ತದೆ. ಒಂದು ಬೌಂಡರಿ ಹೋದರೆ ಎಲ್ಲ ಸರಿಯಾಗುತ್ತದೆ ಅನ್ನುವ ಆಸೆ. ನೋಡುವವರು ‘ಎಷ್ಟು ಧಿಮಾಕು, ಬಂದ ಕೂಡಲೇ ಹೊಡೆಯೋಕೆ ಹೋದ’ ಅಂತ ಬೈಯುತ್ತಾರೆ. ಅದು ಧಿಮಾಕಲ್ಲ. ಅದು ಓಡಿ ಹೋಗುವ ದಾರಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಹದಿನೈದು ವರ್ಷ. ಓಪನರ್. ಶಿವಮೊಗ್ಗದಲ್ಲಿ ಅವನನ್ನು ಔಟ್ ಮಾಡುವುದು ಕಷ್ಟ. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಮುಟ್ಟುತ್ತಲೇ ಇರಲಿಲ್ಲ. ವಲಯ ತಂಡಕ್ಕೆ ಆಯ್ಕೆಯಾಗಿ ಬೆಂಗಳೂರಿಗೆ ಹೋದ. ಚಾಪೆ ಹಾಸಿದ ಮ್ಯಾಟಿಂಗ್ ವಿಕೆಟ್‌ನಲ್ಲಿ ಬೆಳೆದವನಿಗೆ ಒಳ್ಳೆಯ ಟರ್ಫ್ (ಮಣ್ಣು, ಹುಲ್ಲಿನ) ವಿಕೆಟ್. ಎದುರಿನವರು ಬೆಂಗಳೂರಿನ ಹುಡುಗರು, ಎಲ್ಲರೂ ಇವನಿಗಿಂತ ಒಂದು ಗೇಣು ಎತ್ತರ, ಹೊಸ ಕಿಟ್ ಬ್ಯಾಗು. ಬೆಳಿಗ್ಗೆ ಅವನು ಮೂರು ಸಲ ಟಾಯ್ಲೆಟ್‌ಗೆ ಹೋಗಿ ಬಂದ. ಗ್ಲೌಸ್‌ನ ಪಟ್ಟಿಯನ್ನು ಬಿಚ್ಚುವುದು, ಅಂಟಿಸುವುದು, ಬಿಚ್ಚುವುದು, ಅಂಟಿಸುವುದು. ಆ ಚರ್ ಚರ್ ಶಬ್ದ ನನಗೆ ಇವತ್ತೂ ಕೇಳಿಸುತ್ತದೆ. ಇಡ್ಲಿಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು ನಾನು ಹೇಳಿದೆ: ‘ನೋಡೋ, ಇದು ನಿನ್ನ ಜೀವನದ ದೊಡ್ಡ ಮ್ಯಾಚು. ಇಲ್ಲಿ ಆಡಿದ್ರೆ ಮುಂದೆ ದಾರಿ ತಾನಾಗೇ ತೆರೆಯುತ್ತೆ.’ ಅವನ ಕಣ್ಣು ಇನ್ನಷ್ಟು ಅಗಲವಾಯಿತು. ಮೂರನೇ ಎಸೆತಕ್ಕೆ ಕ್ರೀಸ್ ಬಿಟ್ಟು ಮುಂದೆ ಬಂದು ವೇಗದ ಬೌಲರ್‌ಗೆ ಎತ್ತಿ ಹೊಡೆದ. ಮಿಡ್ ಆನ್‌ನಲ್ಲಿ ಕ್ಯಾಚ್.

ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಕೇಳಿದೆ. ‘ಯಾಕೋ ಹೊಡೆದೆ?’ ಅಂದೆ. ಅವನು ಹೊರಗೆ ನೋಡುತ್ತಾ ಹೇಳಿದ: ‘ಹೊಡಿಬೇಕು ಅಂತ ಅನ್ಕೊಂಡೇ ಇರ್ಲಿಲ್ಲ ಸರ್. ಕೈ ತಾನಾಗೇ ಹೋಯ್ತು.’

ಈ ಮಾತು ಅಕ್ಷರಶಃ ನಿಜ. ಮೈಯಲ್ಲಿ ಅಡ್ರಿನಲಿನ್ ಏರಿದಾಗ ಎದೆಬಡಿತ ಜೋರಾಗುತ್ತದೆ, ಉಸಿರು ಮೇಲ್ಮೇಲೆ ಓಡುತ್ತದೆ, ಬೆರಳು ತಣ್ಣಗಾಗುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಬ್ಯಾಟ್ ಹಿಡಿದವನಿಗೆ ಇದರ ಅರ್ಥ ಒಂದೇ: ಕೆಳಗಿನ ಕೈ ಗಟ್ಟಿಯಾಗಿ ಹಿಡಿಯುತ್ತದೆ. ಕೆಳಗಿನ ಕೈ ಬಿಗಿಯಾದರೆ ಬ್ಯಾಟಿನ ಮುಖ ಬೇಗ ತಿರುಗುತ್ತದೆ, ಚೆಂಡು ನೆಲ ಬಿಟ್ಟು ಮೇಲೇಳುತ್ತದೆ. ನೋಟವೂ ಕಿರಿದಾಗುತ್ತದೆ. ಫೀಲ್ಡರ್ ಎಲ್ಲಿದ್ದಾನೆ ಅನ್ನುವುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ, ಕಷ್ಟದ ಕೆಲಸ ಕಲಿಯುವಾಗ ಪ್ರಚೋದನೆ ಒಂದು ಮಟ್ಟ ದಾಟಿದರೆ ಕೆಲಸ ಕೆಡುತ್ತದೆ ಅಂತ ತೋರಿಸಿದ್ದರು. ನಾನು ಆ ಹುಡುಗನಿಗೆ ಮಾಡಿದ್ದು ಅದನ್ನೇ. ತುಂಬಿದ ಕೊಡಕ್ಕೆ ಇನ್ನೊಂದು ಚೊಂಬು ನೀರು ಸುರಿದೆ. ಆ ತಪ್ಪು ಅವನದಲ್ಲ, ನನ್ನದು. ಇವತ್ತಿಗೂ ಅದಕ್ಕೆ ಬೇಸರ ಇದೆ.

ನಮ್ಮ ಊರಿನ ಹತ್ತಿರದ್ದೇ ಇನ್ನೊಂದು ಕಥೆ ಇಲ್ಲಿ ಹೇಳಲೇಬೇಕು. ಭದ್ರಾವತಿಯ ಗುಂಡಪ್ಪ ವಿಶ್ವನಾಥ್. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಮೇಲೆ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದರು. ಆಗ ನಮ್ಮ ತಂಡದ ಹೆಸರು ಇನ್ನೂ ಮೈಸೂರು. ಎರಡು ವರ್ಷ ಕಳೆದು 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಮೇಲೆ ಮೊದಲ ಟೆಸ್ಟ್. ಇಪ್ಪತ್ತು ವರ್ಷದ, ಸಣ್ಣ ಆಳಿನ ಹುಡುಗ. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ. ರಣಜಿಯಲ್ಲಿ ದ್ವಿಶತಕದಿಂದ ಶುರು ಮಾಡಿದವನು ಟೆಸ್ಟ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದ. ಆಗ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ ಹತ್ತಿರ ಬಂದು, ಚಿಂತೆ ಮಾಡಬೇಡ, ಆರಾಮಾಗಿರು, ನೀನು ನೂರು ಹೊಡೆಯುತ್ತೀಯ ಅಂತ ಹೇಳಿದ್ದನ್ನು ವಿಶ್ವನಾಥ್ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಎರಡನೇ ಇನ್ನಿಂಗ್ಸ್‌ನಲ್ಲಿ 137. ಅದರಲ್ಲಿ 25 ಬೌಂಡರಿ.

ಪಟೌಡಿ ಹೇಳಿದ ಮಾತನ್ನೂ ನಾನು ಬೆಂಗಳೂರಿನಲ್ಲಿ ಹೇಳಿದ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನನ್ನ ಮಾತಿನಲ್ಲಿ ‘ಆಡಿದ್ರೆ’ ಅನ್ನುವ ಷರತ್ತು ಇತ್ತು. ಆಡದಿದ್ದರೆ ಏನು ಅನ್ನುವ ಪ್ರಶ್ನೆ ಅದರ ಬೆನ್ನಿಗೇ ಅಂಟಿಕೊಂಡಿತ್ತು. ಪಟೌಡಿ ಮಾತಿನಲ್ಲಿ ಷರತ್ತಿಲ್ಲ. ಅದೂ ಸೊನ್ನೆ ಹೊಡೆದ ಮೇಲೆ ಹೇಳಿದ ಮಾತು. ಸೊನ್ನೆ ಹೊಡೆದರೂ ನಾಯಕನ ಲೆಕ್ಕದಲ್ಲಿ ನನ್ನ ಬೆಲೆ ಇಳಿದಿಲ್ಲ ಅಂತ ಗೊತ್ತಾದರೆ, ಹೆದರಿಕೆಗೆ ನಿಲ್ಲಲು ಜಾಗವೇ ಇರುವುದಿಲ್ಲ ಅಲ್ವಾ?

ಈಗ ಸಿಡ್ನಿ. 2015ರ ಜನವರಿ 6ಕ್ಕೆ ನಾಲ್ಕನೇ ಟೆಸ್ಟ್ ಶುರು. ಕೊಹ್ಲಿ ನಾಯಕ. ಎರಡು ಇನ್ನಿಂಗ್ಸ್‌ನಲ್ಲಿ ಒಟ್ಟು 4 ರನ್ ಹೊಡೆದ ಹುಡುಗನನ್ನು ಕೈಬಿಡುವುದು ಸುಲಭ ಇತ್ತು. ಬದಲಿಗೆ ಶಿಖರ್ ಧವನ್ ಅವರನ್ನು ಕೂರಿಸಿ, ರಾಹುಲ್‌ಗೆ ಮುರಳಿ ವಿಜಯ್ ಜೊತೆ ಇನ್ನಿಂಗ್ಸ್ ಶುರು ಮಾಡಲು ಹೇಳಿದರು. ಅಂದರೆ ಅವರ ಜಾಗವನ್ನು ಅವರಿಗೆ ಕೊಟ್ಟರು. ನನ್ನ ಓದಿನಲ್ಲಿ ಈ ಪ್ರಕರಣದ ತಿರುವು ಇದೇ. ಯಾವ ಭಾಷಣಕ್ಕಿಂತಲೂ, ಯಾವ ಉಸಿರಾಟದ ಅಭ್ಯಾಸಕ್ಕಿಂತಲೂ ಇದು ದೊಡ್ಡದು. ಒಂದು ಮೆಟ್ಟಿಲು ಮೇಲೆ ಹೋಗುವವನಿಗೆ ಎಲ್ಲವೂ ಹೊಸದು: ಮೈದಾನ, ಜನ, ಬೌಲರ್, ಚೆಂಡಿನ ಬ್ರ್ಯಾಂಡು ಕೂಡ. ಭಾರತದಲ್ಲಿ ಎಸ್‌ಜಿ ಚೆಂಡು, ಅಲ್ಲಿ ಕೂಕಾಬುರಾ. ಇಷ್ಟೆಲ್ಲ ಹೊಸದರ ನಡುವೆ ಅವನ ಕೆಲಸವೂ ಹೊಸದಾದರೆ ಹಿಡಿದುಕೊಳ್ಳಲು ಏನು ಉಳಿಯಿತು? ಕೆಲಸ ಹಳೆಯದೇ ಆಗಿದ್ದರೆ ಕೈಗೆ, ಕಾಲಿಗೆ ಗೊತ್ತಿರುವುದನ್ನು ಮಾಡಿಕೊಂಡು ಹೋಗಬಹುದು.

ಆಸ್ಟ್ರೇಲಿಯಾ 7 ವಿಕೆಟ್‌ಗೆ 572 ಹೊಡೆದು ಡಿಕ್ಲೇರ್ ಮಾಡಿತು. ಎರಡನೇ ದಿನ ಭಾರತದ ಸರದಿ. ಮೊದಲ ಓವರಿನಲ್ಲೇ ಸ್ಟಾರ್ಕ್ ಬೌಲಿಂಗ್‌ನಲ್ಲಿ ವಿಜಯ್ ಸೊನ್ನೆಗೆ ಔಟ್. ಸ್ಕೋರು 1 ವಿಕೆಟ್‌ಗೆ 0. ಹೆದರುವುದಾದರೆ ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬೆನ್ನ ಹಿಂದೆ 572 ರನ್, ಜೊತೆಗಾರ ಇಲ್ಲ, ಹಿಂದಿನ ಪಂದ್ಯದ 3 ಮತ್ತು 1. ಆದರೆ ಇದು ರಾಹುಲ್‌ಗೆ ಗೊತ್ತಿರುವ ಪರಿಸ್ಥಿತಿ. ಹೊಸ ಚೆಂಡು, ಮೊದಲ ವಿಕೆಟ್ ಬೇಗ ಹೋಗಿದೆ, ನಿಲ್ಲಬೇಕು. ಕರ್ನಾಟಕಕ್ಕೆ ಎಷ್ಟೋ ಸಲ ಮಾಡಿದ ಕೆಲಸ. ದಿನದ ಕೊನೆಗೆ ಭಾರತ 1 ವಿಕೆಟ್‌ಗೆ 71. ರೋಹಿತ್ 40, ರಾಹುಲ್ 31. ಮಾರನೇ ದಿನ ನಿಂತೇ ನಿಂತರು. ಕೊಹ್ಲಿ ಜೊತೆ ಮೂರನೇ ವಿಕೆಟ್‌ಗೆ 141 ರನ್. ಕೊನೆಗೆ ಸ್ಟಾರ್ಕ್‌ಗೇ ಕ್ಯಾಚ್ ಕೊಟ್ಟು ಔಟಾದಾಗ 110 ರನ್. ಆಡಿದ್ದು 262 ಎಸೆತ.

ಆ 262 ನನಗೆ ಇಷ್ಟದ ಅಂಕಿ. ಮೆಲ್ಬರ್ನ್‌ನಲ್ಲಿ ಕೊಹ್ಲಿ–ರಹಾನೆ ಸೇರಿಸಿದ್ದೂ 262 ರನ್, ರಾಹುಲ್ ಅಷ್ಟು ರನ್ ಆಗುವವರೆಗೆ ಹೊರಗೆ ಕೂತು ಕಾದರು. ಸಿಡ್ನಿಯಲ್ಲಿ 262 ಎಸೆತ ಒಳಗೆ ನಿಂತು ಆಡಿದರು. ಕಾಕತಾಳೀಯ ಇರಬಹುದು, ಆದರೂ ಹುಡುಗರಿಗೆ ಹೇಳುವಾಗ ನಾನು ಇದನ್ನು ಬಿಡುವುದಿಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾದ ಎರಡು ವಿಷಯ ಇದೆ. ಸಿಡ್ನಿಯಲ್ಲಿ ಜಾನ್ಸನ್ ಗಾಯದಿಂದ ಆಡಲಿಲ್ಲ. ಇನ್ನೊಂದು, 46 ರನ್ ಆಗಿದ್ದಾಗ ರಾಹುಲ್ ಎತ್ತಿ ಹೊಡೆದ ಚೆಂಡನ್ನು ಸ್ಟೀವ್ ಸ್ಮಿತ್ ಕೈಚೆಲ್ಲಿದರು. ಮೇಲೆ ತೂಗುವ ಸ್ಪೈಡರ್ ಕ್ಯಾಮೆರಾದ ತಂತಿ ಕಣ್ಣಿಗೆ ಅಡ್ಡ ಬಂತು ಅಂತ ಸ್ಮಿತ್ ದೂರಿದರು. ಆ ಕ್ಯಾಚ್ ಹಿಡಿದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಅದೃಷ್ಟ ಇತ್ತು. ಆದರೆ ಗಮನಿಸಿ, ಆ ಜೀವದಾನ ಸಿಕ್ಕ ಮೇಲೆ ಅವರು ಇನ್ನೂ 64 ರನ್ ಸೇರಿಸಿದರು. ಉಸಿರು ಹಿಡಿದು ಮತ್ತೆ ಒಂದೊಂದೇ ಎಸೆತಕ್ಕೆ ವಾಪಸ್ ಬಂದರು. ಅರ್ಧ ಶತಕದ ಹತ್ತಿರ ಮೈಯೊಳಗಿನ ಬಿಗಿತ ಮತ್ತೆ ತಲೆ ಎತ್ತುತ್ತದೆ. ಅದು ಬರುವುದು ತಪ್ಪುವುದಿಲ್ಲ. ಬಂದ ಮೇಲೆ ವಾಪಸ್ ಬರಲು ಒಂದು ಜಾಗ ಇರಬೇಕು. ಓಪನರ್‌ಗೆ ಆ ಜಾಗ ಅಂದರೆ ಆಫ್ ಸ್ಟಂಪ್ ಎಲ್ಲಿದೆ ಅನ್ನುವ ಅರಿವು.

ಈ ಪ್ರಕರಣದಿಂದ ನನ್ನ ನೆಟ್ಸ್‌ನಲ್ಲಿ ಏನು ಬದಲಾಯಿತು ಅಂತ ಹೇಳುತ್ತೇನೆ. ಮೊದಲನೆಯದು, ಮೇಲಿನ ಮಟ್ಟದ ಪಂದ್ಯಕ್ಕೆ ಹೋಗುವ ಹುಡುಗನ ನಂಬರ್ ನನ್ನ ಕೈಯಲ್ಲಿದ್ದರೆ ಬದಲಿಸುವುದಿಲ್ಲ. ಆಯ್ಕೆದಾರರ ಕೈಯಲ್ಲಿದ್ದರೆ ಬೇಡಿಕೊಳ್ಳುತ್ತೇನೆ. ‘ಸರ್, ಇವನನ್ನ ಆಡಿಸೋದಾದ್ರೆ ಓಪನಿಂಗ್ ಆಡಿಸಿ. ಇಲ್ಲಾಂದ್ರೆ ಇನ್ನೊಂದು ಮ್ಯಾಚ್ ಕಾಯಿಸಿ.’ ಎಲ್ಲ ಸಲ ನಡೆಯುವುದಿಲ್ಲ. ನಡೆಯದಿದ್ದರೆ ಆ ಹೊಸ ನಂಬರಿಗೆ ಬೇಕಾದ ಅಭ್ಯಾಸ ಮಾಡಿಸುತ್ತೇನೆ. ಅದರಲ್ಲಿ ಮುಖ್ಯವಾದದ್ದು ಕಾಯುವ ಅಭ್ಯಾಸ. ಪ್ಯಾಡ್ ಕಟ್ಟಿಸಿ ಮರದ ಕೆಳಗೆ ಎರಡು ಗಂಟೆ ಕೂರಿಸುತ್ತೇನೆ. ಯಾವಾಗ ಕರೆಯುತ್ತೇನೆ ಅಂತ ಹೇಳುವುದಿಲ್ಲ. ಕರೆದ ಕೂಡಲೇ ಆರು ಎಸೆತ, ಅದೂ ಸ್ಪಿನ್. ಔಟಾದರೆ ಅವತ್ತಿಗೆ ಬ್ಯಾಟಿಂಗ್ ಮುಗಿಯಿತು. ಮೊದಲ ವಾರ ಹುಡುಗರು ಗೊಣಗುತ್ತಾರೆ. ಮೂರನೇ ವಾರಕ್ಕೆ ಅವರೇ ದಾರಿ ಹುಡುಕಿಕೊಳ್ಳುತ್ತಾರೆ. ಒಬ್ಬ ಪ್ರತಿ ಓವರಿಗೆ ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ಬರುತ್ತಾನೆ. ಇನ್ನೊಬ್ಬ ಪ್ಯಾಡಿನ ಮೇಲಿನ ಪಟ್ಟಿ ಸಡಿಲ ಮಾಡಿ ಕೂರುತ್ತಾನೆ, ವಿಕೆಟ್ ಬಿದ್ದಾಗಲೇ ಬಿಗಿಯುತ್ತಾನೆ. ಅದು ಅವನಿಗೆ ‘ಈಗ ಶುರು’ ಅನ್ನುವ ಗುರುತು.

ಉಸಿರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ನಿಧಾನ ಇರಬೇಕು. ಅದರಿಂದ ಎದೆಬಡಿತ ಇಳಿಯುತ್ತದೆ. ಬೌಲರ್ ವಾಪಸ್ ನಡೆಯುವಾಗ ಒಂದು ಸಲ ಸಾಕು. ಅದಕ್ಕಿಂತ ಜಾಸ್ತಿ ಹೇಳಿದರೆ ಹುಡುಗರು ಉಸಿರು ಎಣಿಸುತ್ತಾ ಚೆಂಡು ಮರೆಯುತ್ತಾರೆ. ಉಸಿರು ಬಿಡುವಾಗ ಕೆಳಗಿನ ಕೈಯ ಬೆರಳುಗಳನ್ನು ಒಮ್ಮೆ ಬಿಚ್ಚಿ ಮತ್ತೆ ಹಿಡಿ ಅಂತ ಹೇಳುತ್ತೇನೆ. ಇದೊಂದು ಮಾತು ಹುಡುಗರಿಗೆ ತಲುಪುತ್ತದೆ, ಯಾಕೆಂದರೆ ಅದು ಕೈಯಲ್ಲಿ ಗೊತ್ತಾಗುತ್ತದೆ.

ಮಾತಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ‘ಹೆದರಬೇಡ’ ಅನ್ನುವ ಮಾತನ್ನು ಬಿಟ್ಟುಬಿಟ್ಟೆ. ಹೆದರಿದವನಿಗೆ ಅದು ಕೇಳಿಸುವುದು ‘ನೀನು ಹೆದರಿದ್ದೀಯ ಅಂತ ನನಗೆ ಕಾಣಿಸ್ತಿದೆ’ ಅಂತ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಹಾಡು, ಭಾಷಣ, ಲೆಕ್ಕ ಮಾಡುವ ಮುಂಚೆ ‘ನಾನು ಶಾಂತವಾಗಿದ್ದೇನೆ’ ಅಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಅಂದುಕೊಂಡವರು ಚೆನ್ನಾಗಿ ಮಾಡಿದರು. ನನಗೆ ಇದು ಸರಿ ಕಾಣುತ್ತದೆ. ಎದೆ ಡವಡವ ಅನ್ನುವಾಗ ಶಾಂತವಾಗಿದ್ದೇನೆ ಅನ್ನುವುದು ಸುಳ್ಳು, ಮೈಗೆ ಅದು ಗೊತ್ತು. ಹುರುಪು ಅಂದರೆ ಮೈ ಒಪ್ಪುತ್ತದೆ. ಈಗ ನನ್ನ ಹುಡುಗ ‘ಹೊಟ್ಟೆಯಲ್ಲಿ ಏನೋ ಆಗ್ತಿದೆ ಸರ್’ ಅಂದರೆ, ‘ಆಗಲಿ ಬಿಡು, ಮೈ ರೆಡಿ ಆಗ್ತಿದೆ’ ಅನ್ನುತ್ತೇನೆ. ಅಷ್ಟೇ. ಮುಂದೆ ಮಾತು ಬೆಳೆಸುವುದಿಲ್ಲ.

ಮನೆಯವರ ಫೋನ್ ಇನ್ನೊಂದು. ಪಂದ್ಯದ ಹಿಂದಿನ ರಾತ್ರಿ ಅಪ್ಪ ಫೋನ್ ಮಾಡಿ, ‘ಚೆನ್ನಾಗಿ ಆಡು ಮಗಾ, ಊರೆಲ್ಲ ಕಾಯ್ತಿದೆ’ ಅನ್ನುತ್ತಾರೆ. ಪ್ರೀತಿಯ ಮಾತು, ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಆ ಊರು ಹುಡುಗನ ಜೊತೆ ಕ್ರೀಸ್‌ಗೂ ಬರುತ್ತದೆ. ಅದಕ್ಕೇ ಮುಂಚೆಯೇ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ಹಿಂದಿನ ರಾತ್ರಿ ಊಟ ಆಯ್ತಾ, ಹಾಸಿಗೆ ಸರಿ ಇದೆಯಾ ಅಂತ ಮಾತ್ರ ಕೇಳಿ ಅಂತ ವಿನಂತಿ ಮಾಡುತ್ತೇನೆ. ಒಬ್ಬ ತಾಯಿ ನನ್ನ ಮಾತು ಕೇಳಿ ಕಣ್ಣೀರು ಹಾಕಿದರು. ‘ನಾನು ಒಳ್ಳೇದಕ್ಕೇ ಹೇಳ್ತಿದ್ದೆ ಸರ್’ ಅಂದರು. ನಾನೂ ಒಳ್ಳೆಯದಕ್ಕೇ ಹೇಳಿದ್ದೆ ಅಮ್ಮಾ, ಅಂದೆ.

ಒಂದು ಸಲ ಗೆದ್ದರೆ ಈ ಹೆದರಿಕೆ ಶಾಶ್ವತವಾಗಿ ಹೋಗುತ್ತದಾ ಅಂತ ಹುಡುಗರು ಕೇಳುತ್ತಾರೆ. ಇದಕ್ಕೂ ರಾಹುಲ್ ಅವರದೇ ಉತ್ತರ ಇದೆ. 2016ರ ಜೂನ್‌ನಲ್ಲಿ ಹರಾರೆಯಲ್ಲಿ ಮೊದಲ ಏಕದಿನ ಪಂದ್ಯ. ಇನ್ನಿಂಗ್ಸ್ ಶುರು ಮಾಡಿ ಔಟಾಗದೆ 100. ಏಕದಿನದ ಮೊದಲ ಪಂದ್ಯದಲ್ಲೇ ಶತಕ ಹೊಡೆದ ಮೊದಲ ಭಾರತೀಯ. ಅದಾಗಿ ಒಂದೇ ವಾರಕ್ಕೆ ಅದೇ ಮೈದಾನದಲ್ಲಿ ಮೊದಲ ಟಿ20. ಎದುರಿಸಿದ ಮೊದಲ ಎಸೆತಕ್ಕೇ ಔಟ್. ಆಗಸ್ಟ್‌ನಲ್ಲಿ ಫ್ಲಾರಿಡಾದಲ್ಲಿ ವೆಸ್ಟ್ ಇಂಡೀಸ್ ಮೇಲೆ ಟಿ20ಯಲ್ಲಿ 51 ಎಸೆತಕ್ಕೆ ಔಟಾಗದೆ 110. ಹೊಸ ಮೆಟ್ಟಿಲು ಬಂದಾಗಲೆಲ್ಲ ಪಾಠ ಹೊಸದಾಗಿಯೇ ಶುರುವಾಗುತ್ತದೆ. ವಿಶ್ವನಾಥ್ ಕಾಲದಲ್ಲಂತೂ ಇನ್ನೊಂದು ಹೊರೆ ಇತ್ತು. ಅವರಿಗಿಂತ ಮುಂಚೆ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದ ಯಾವ ಭಾರತೀಯನೂ ಆಮೇಲೆ ಎರಡನೇ ಶತಕ ಹೊಡೆದಿರಲಿಲ್ಲ. ಲಾಲಾ ಅಮರನಾಥ್‌ರಿಂದ ಹನುಮಂತ್ ಸಿಂಗ್‌ವರೆಗೆ ಇದೇ ಕಥೆ. ವಿಶ್ವನಾಥ್ ಮೂರು ವರ್ಷಕ್ಕೂ ಜಾಸ್ತಿ ಕಾದರು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ಮೇಲೆ 113 ಹೊಡೆದು ಆ ಸರಪಳಿ ಮುರಿದರು. ಆಮೇಲೆ ಇನ್ನೂ 12 ಶತಕ.

ಆ ಬಸ್ಸಿನ ಹುಡುಗನ ಕಥೆ ಉಳಿಯಿತು. ಮಾರನೇ ವರ್ಷ ಅವನು ಮತ್ತೆ ವಲಯ ತಂಡಕ್ಕೆ ಆಯ್ಕೆಯಾದ. ಎರಡು ದಿನ ಮುಂಚೆಯೇ ತಂಡದ ಮ್ಯಾನೇಜರ್ ಹತ್ತಿರ ಕೇಳಿ, ಓಪನಿಂಗ್ ಅಂತ ಖಚಿತ ಮಾಡಿಕೊಂಡು ಅವನಿಗೆ ಹೇಳಿದೆ. ಪಂದ್ಯದ ಹಿಂದಿನ ಸಂಜೆ ಮೈದಾನಕ್ಕೆ ಕರೆದುಕೊಂಡು ಹೋದೆ. ಪಿಚ್ ಮೇಲೆ ಹೊದಿಕೆ ಇತ್ತು. ಪಕ್ಕದಲ್ಲಿ ನಿಂತು, ಬ್ಯಾಟ್ ಇಲ್ಲದೆ, ಬರಿಗೈಯಲ್ಲಿ ಗಾರ್ಡ್ ತೆಗೆದುಕೊಂಡ. ಮೂರು ಸಲ ಉಸಿರು ಬಿಟ್ಟ. ‘ಸೈಟ್ ಸ್ಕ್ರೀನ್ ನಮ್ಮೂರಿಗಿಂತ ದೊಡ್ಡದು ಸರ್, ಚೆಂಡು ಚೆನ್ನಾಗಿ ಕಾಣುತ್ತೆ’ ಅಂದ.

ಬೆಳಿಗ್ಗೆ ಗ್ಲೌಸ್ ಪಟ್ಟಿಯ ಚರ್ ಚರ್ ಶಬ್ದ ಮತ್ತೆ ಕೇಳಿಸಿತು. ನಾನು ಏನೂ ಹೇಳಲಿಲ್ಲ. ಬಾಳೆಹಣ್ಣು ಕೊಟ್ಟೆ, ಅರ್ಧ ತಿಂದ. ಮೊದಲ ಓವರಿನ ಆರು ಎಸೆತದಲ್ಲಿ ಐದನ್ನು ಬಿಟ್ಟ, ಒಂದನ್ನು ಕಾಲಿನ ಹತ್ತಿರವೇ ನೆಲಕ್ಕೆ ಕುಟ್ಟಿದ. ಓವರ್ ಮುಗಿದ ಮೇಲೆ ಪಿಚ್ ನಡುವೆ ಬಂದು ಜೊತೆಗಾರನಿಗೆ ಏನೋ ಹೇಳಿ ನಕ್ಕ. ಅವತ್ತು ಅವನು ಹೊಡೆದದ್ದು 34.